ಐದು ಗ್ಯಾಲಕ್ಸಿಗಳ ನಡುವಿನ ಎಳೆ

ಬ್ಯಾಡಗಿಯಲ್ಲಿ ಗ್ರೂಪ್ ಫೋಟೋ ತೆಗೆಸಿಕೊಳ್ಳದ ಮನೆ ಇಲ್ಲ. ಆ ಯಾವ ಫೋಟೋದಲ್ಲೂ ಇಲ್ಲದವನು ಕೊಟ್ರೇಶ ಒಬ್ಬನೇ, ಯಾಕೆಂದರೆ ತೆಗೆಯುವವನೇ ಅವನು. ಸ್ಟೇಶನ್ ರಸ್ತೆಯಲ್ಲಿ ಅವನದೊಂದು ಸಣ್ಣ ಸ್ಟುಡಿಯೋ. ಮದುವೆ, ಕುಬಸ, ಸೊಸೈಟಿಯ ಸಭೆ, ಹತ್ತನೇ ಇಯತ್ತೆಯ ಬೀಳ್ಕೊಡುಗೆ, ಏನೇ ಇರಲಿ, "ಒತ್ತಿ ನಿಂದರ್ರಿ, ಇನ್ನಷ್ಟು ಒತ್ತಿ ನಿಂದರ್ರಿ" ಎಂದು ಕೂಗಿ ಕೂಗಿ ಅವನ ದನಿಯೇ ಒಡೆದುಹೋಗಿತ್ತು. ಮಂದಿಯ ಮದುವೆಗೆಲ್ಲ ಹೆಗಲಿಗೆ ಚೀಲ ಹಾಕಿಕೊಂಡು ಓಡಾಡಿದವನಿಗೆ ತನ್ನ ಮದುವೆ ಮಾತ್ರ ಕೂಡಿಬರಲಿಲ್ಲ. ಒಂದು ಸಲ ಅವರು ಬೇಡವೆಂದರು, ಒಂದು ಸಲ ಇವನು ಬೇಡವೆಂದ, ಆಮೇಲೆ ಕೇಳುವವರೇ ಕಡಿಮೆಯಾದರು. ತಲೆ ಅರ್ಧ ಬೆಳ್ಳಗಾದ ಮೇಲೆ ಆ ಮಾತನ್ನು ಎತ್ತುವುದು ಊರಿಗೇ ಬೇಸರವಾಯಿತು.

ಅವನಿದ್ದದ್ದು ಅಣ್ಣ ಕರಬಸಪ್ಪನ ಸಂಸಾರದ ಜೊತೆ, ಅಪ್ಪ ಕಟ್ಟಿಸಿದ ಮನೆಯಲ್ಲೇ. ಮುಂದಿನ ಭಾಗದಲ್ಲಿ ಅಣ್ಣ, ಅತ್ತಿಗೆ ಸೋಮವ್ವ, ಅವರ ಮಗ, ಸೊಸೆ, ಮೊಮ್ಮಕ್ಕಳು, ದಿನವಿಡೀ ಗದ್ದಲ. ಹಿಂದಿನ ಕೋಣೆ ಮತ್ತು ಅದಕ್ಕೆ ಹತ್ತಿದ ಹಿತ್ತಲು ಕೊಟ್ರೇಶನದು. ಹಾಗೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಅಲ್ಲಿಗೆ ಬೇರೆ ಯಾರಿಗೂ ಕೆಲಸವಿರಲಿಲ್ಲ, ಅಷ್ಟೇ.

ಆ ಹಿತ್ತಲಿನ ನಡುವೆ ಸಿಮೆಂಟಿನಲ್ಲಿ ಹೂತ ಒಂದು ಕಬ್ಬಿಣದ ಕಂಬ, ಅದರ ತಲೆಯ ಮೇಲೆ ಆಳುದ್ದದ ಬಿಳಿ ಕೊಳವೆ. ಹೊಸದಾಗಿ ಬಂದವರು ಅದನ್ನು ನೀರಿನ ಪೈಪೆಂದೇ ತಿಳಿಯುತ್ತಿದ್ದರು. ಕೊಟ್ರೇಶ ಪುಣೆಯಿಂದ ಕನ್ನಡಿ ತರಿಸಿ, ರಾಣೇಬೆನ್ನೂರಿನ ವೆಲ್ಡಿಂಗ್ ಅಂಗಡಿಯ ಮಹಮ್ಮದಗೌಸನ ತಲೆ ತಿಂದು ಸ್ಟ್ಯಾಂಡು ಮಾಡಿಸಿ, ತಾನೇ ಕೂಡಿಸಿದ ದೂರದರ್ಶಕ ಅದು. ಸ್ಟುಡಿಯೋಕ್ಕೆ ಡಿಜಿಟಲ್ ಕ್ಯಾಮರಾ ಬಂದ ಮೇಲೆ ಅದನ್ನೇ ಕೊಳವೆಗೆ ಸಿಕ್ಕಿಸಿ ಆಕಾಶದ ಫೋಟೋ ತೆಗೆಯಲು ಶುರುಮಾಡಿದ. ಮೊದಮೊದಲು ಚಂದ್ರ, ಶನಿ ಎಂದು ಮೊಮ್ಮಕ್ಕಳು ಕುಣಿದಾಡಿದವು. ಆಮೇಲೆ ಮನೆಗೆ ಕೇಬಲ್ ಟಿವಿ ಬಂತು.

ಈಗ ಅವನ ಮನಸ್ಸನ್ನು ಹಿಡಿದು ಕೂತದ್ದು ಐದು ಗ್ಯಾಲಕ್ಸಿಗಳು. ದಸರೆ-ದೀಪಾವಳಿಯ ದಿನಗಳಲ್ಲಿ ಕತ್ತಲಾಗುತ್ತಲೇ ಉತ್ತರಕ್ಕೆ, ನೆತ್ತಿಯಿಂದ ತುಸು ಕೆಳಗೆ, ಬರಿಗಣ್ಣಿಗೆ ಏನೂ ಇಲ್ಲದ ಜಾಗದಲ್ಲಿ ಅವು ಗುಂಪಾಗಿ ನಿಂತಿರುತ್ತವೆ. ಸ್ಟೀಫನ್ ಎನ್ನುವ ಫ್ರೆಂಚ್ ಮನುಷ್ಯ ಕಂಡುಹಿಡಿದದ್ದರಿಂದ ಅವನ ಹೆಸರೇ ಅವಕ್ಕೆ ಉಳಿದಿದೆ. ಒಂದೊಂದೂ ಕೋಟ್ಯಂತರ ನಕ್ಷತ್ರಗಳ ಸಂಸಾರ. ಅವು ಒಂದನ್ನೊಂದು ಜಗ್ಗುತ್ತವೆ. ಜಗ್ಗಿದ ರಭಸಕ್ಕೆ ಒಂದರ ಮೈಯಿಂದ ನಕ್ಷತ್ರಗಳು ಹಿಂಜಿಕೊಂಡು ಹೊರಬಂದು ತೆಳ್ಳನೆಯ ಎಳೆಯಾಗಿ ಆಕಾಶದಲ್ಲಿ ಉಳಿದುಬಿಟ್ಟಿವೆ.

ಕೊಟ್ರೇಶನಿಗೆ ಬೇಕಾಗಿದ್ದದ್ದು ಆ ಎಳೆ. ಹಿಂದಿನ ವರ್ಷಗಳಲ್ಲಿ ಐದು ಮಸುಕು ಚುಕ್ಕೆಗಳೇನೋ ಬಂದಿದ್ದವು, ಎಳೆ ಬಂದಿರಲಿಲ್ಲ. ಎಳೆ ಇಲ್ಲದಿದ್ದರೆ ಅವು ಬಸ್ ಸ್ಟ್ಯಾಂಡಿನಲ್ಲಿ ಪಕ್ಕಪಕ್ಕ ನಿಂತ ಗುರುತಿಲ್ಲದ ಮಂದಿಯ ಹಾಗೆ. ಎಳೆ ಬಂದರೆ ಬಳಗ. ಅದರಲ್ಲೂ ಒಂದು ತಮಾಷೆಯಿದೆ: ಐದರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಒಂದು ಆ ಗುಂಪಿನದೇ ಅಲ್ಲ. ಅದು ನಮಗೆ ಹತ್ತಿರ, ಉಳಿದವು ಅದಕ್ಕಿಂತ ಎಷ್ಟೋ ಪಟ್ಟು ಆಚೆ. ನಾವು ನೋಡುವ ದಿಕ್ಕಿಗೆ ಸಾಲಾಗಿ ಬಿದ್ದದ್ದರಿಂದ ಫೋಟೋದಲ್ಲಿ ಮನೆಯವರ ನಡುವೆ ನಿಂತಂತೆ ಕಾಣುತ್ತದೆ, ಅಷ್ಟೇ. ಇದನ್ನು ಓದಿದಂದಿನಿಂದ ಆ ಒಂದರ ಮೇಲೆ ಕೊಟ್ರೇಶನಿಗೆ ಉಳಿದವಕ್ಕಿಂತ ಹೆಚ್ಚು ಮರುಕ.

ಇಂಥ ಫೋಟೋ ಒಂದೇ ಏಟಿಗೆ ಬರುವುದಿಲ್ಲ. ಭೂಮಿ ತಿರುಗುತ್ತಲೇ ಇರುತ್ತದೆ. ಪಕ್ಕದ ಸಣ್ಣ ನಳಿಗೆಯಲ್ಲಿ ಒಂದು ನಕ್ಷತ್ರವನ್ನು ಗುರುತಿನ ಮೇಲೆ ಇಟ್ಟುಕೊಂಡು, ಅದು ಜರುಗಿದಂತೆಲ್ಲ ಗುಂಡಿ ಒತ್ತಿ ಮತ್ತೆ ಜಾಗಕ್ಕೆ ತರಬೇಕು. ಕೆಮ್ಮಿದರೂ ಕೆಟ್ಟಿತು. ಹಾಗೆ ತೆಗೆದ ಹತ್ತಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದರೆ ಮಸುಕು ನಿಧಾನಕ್ಕೆ ರೂಪಕ್ಕೆ ಬರುತ್ತದೆ.

ಅವನು ನಳಿಗೆಗೆ ಕಣ್ಣಿಟ್ಟ ಹೊತ್ತಿಗೆ ಸರಿಯಾಗಿ ಸೋಮವ್ವ ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಬರುವವಳು. ಬಟ್ಟೆ ತೆಗೆದು ಹೋಗಬೇಕೋ ಬೇಡವೋ, ಒಗೆಯುವ ಕಲ್ಲಿನ ಮೇಲೆ ಕೂತುಬಿಡುವಳು. ಸೊಸೆ ಸಾರಿಗೆ ಉಪ್ಪು ಮರೆತದ್ದು, ಗುತ್ತಲದ ತಂಗಿಗೆ ಮಂಡಿನೋವು ಬಂದದ್ದು, ಎಲ್ಲ ಹೇಳಿ ಮುಗಿದ ಮೇಲೆ ಕೇಳುವಳು.

"ಏನ ಕಾಣಾಕತ್ತೈತಿ?"

"ಏನಿಲ್ಲ ಬಿಡ್ರಿ, ವೈನಿ. ಒಂಚೂರು ಗಪ್ ಕುಂದರ್ರಿ."

ಅವಳು ಗಪ್ಪಾಗಿ ಕೂಡುವಳು. ಆ ಗಪ್ಪು ತನಗೆ ಬೇಕಾಗಿತ್ತೆಂದು ಕೊಟ್ರೇಶನಿಗೆ ಆಗ ಗೊತ್ತಿರಲಿಲ್ಲ. ಪೀಡೆ ಎಂದುಕೊಳ್ಳುತ್ತಿದ್ದ.

ಆ ವರ್ಷ ಅವನಿಗೆ ಆತುರ ಹತ್ತಿತ್ತು. ಹಿತ್ತಲ ಗೋಡೆಯಾಚೆ, ಉತ್ತರದ ಹೊಲದಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜು ಎದ್ದಿತ್ತು. ಸುತ್ತಲೂ ಎತ್ತರದ ಕಂಬ, ಕಂಬದ ಮೇಲೆ ಕೊಡದ ಗಾತ್ರದ ದೀಪ. ದೀಪಾವಳಿ ಪಾಡ್ಯದ ದಿನ ಪೂಜೆ ಮಾಡಿ ದೀಪ ಹಾಕುವವರಿದ್ದರು. ಅಂದಿನಿಂದ ಆ ದಿಕ್ಕಿನ ಆಕಾಶ ಇವನ ಪಾಲಿಗೆ ಮುಗಿದಂತೆಯೇ. ಕಂಬ ಕಿತ್ತು, ಬ್ಯಾಟರಿ ಹೊತ್ತು, ಕಂಪ್ಯೂಟರು ಕಟ್ಟಿಕೊಂಡು ಯಾವ ಹೊಲಕ್ಕೆಂದು ಹೋದಾನು, ಅದೂ ಈ ವಯಸ್ಸಿನಲ್ಲಿ, ಒಬ್ಬನೇ? ದಸರೆಯ ಬೆಳದಿಂಗಳು ಕಳೆದು ಅಮಾವಾಸ್ಯೆಯವರೆಗಿನ ಕತ್ತಲ ಸಂಜೆಗಳಷ್ಟೇ ಅವನ ಕೈಯಲ್ಲಿದ್ದವು.

ಅದಕ್ಕೆ ದಸರೆಯಲ್ಲೇ ತಯಾರಿ ಶುರುಮಾಡಿದ. ಕೊಳವೆಯ ತಳದಲ್ಲಿದ್ದ ಕನ್ನಡಿಯನ್ನು ಬಿಚ್ಚಿ, ವರ್ಷವಿಡೀ ಕೂತ ಮೆಣಸಿನಕಾಯಿಯ ಕೆಂಪು ಧೂಳನ್ನು ತೊಳೆದು, ಕೋಣೆಯ ಮೇಜಿನ ಮೇಲೆ ಅಂಗಾತ ಇಟ್ಟು ಬಿಳಿ ಪಂಜೆ ಹೊದಿಸಿದ. ಮರುದಿನ ಖಂಡೇಪೂಜೆ. ಅವತ್ತು ಅಂಗಡಿ ಅಂಗಡಿಗಳಲ್ಲಿ ತಕ್ಕಡಿ, ಮಿಷಿನ್ನುಗಳಿಗೆ ಪೂಜೆಯಾಗಿ, ಮಾಲಕರು ಆಳುಗಳ ಸಮೇತ ನಿಂತು ಗ್ರೂಪ್ ಫೋಟೋ ತೆಗೆಸುವ ದಿನ. ಕೊಟ್ರೇಶ ಬೆಳಿಗ್ಗೆಯೇ ರಾಣೇಬೆನ್ನೂರಿಗೆ ಹೋದ.

ಇಲ್ಲಿ ಒಂದು ಮಾತು ಹೇಳಬೇಕು. ಖಂಡೇಪೂಜೆಗೆ ಆ ಮನೆಯಲ್ಲಿ ಮೂಲೆಗೆ ಬಿದ್ದ ಗುದ್ದಲಿಗೂ ವಿಭೂತಿ ಬೀಳುತ್ತಿತ್ತು. ಮೋಟಾರ್ ಸೈಕಲ್ಲು, ಹೊಲಿಗೆಯಂತ್ರ, ಮಿಕ್ಸಿ, ಗಾಲಿ ಮುರಿದ ಹಳೇ ಸೈಕಲ್ಲು, ಎಲ್ಲಕ್ಕೂ ಚೆಂಡುಹೂವು. ದೂರದರ್ಶಕಕ್ಕೆ ಮಾತ್ರ ಯಾವ ವರ್ಷವೂ ಒಂದು ಎಸಳಿಲ್ಲ. ಕೊಟ್ರೇಶ ಬಾಯಿಬಿಟ್ಟು ಕೇಳಿದವನಲ್ಲ. ಆದರೆ ವರ್ಷವರ್ಷವೂ ಅದನ್ನು ನೋಡಿ ಒಳಗೊಳಗೇ ಕುದಿಯುತ್ತಿದ್ದ. ಈ ಮನೆಗೆ ಅದೂ ಸಲ್ಲದು, ನಾನೂ ಸಲ್ಲದವನು ಎಂದುಕೊಂಡು ಉಣ್ಣದೆ ಮಲಗಿದ್ದೂ ಉಂಟು.

ಸಂಜೆ ಬಂದು ನೋಡುತ್ತಾನೆ, ಕಂಬಕ್ಕೆ ಬಾಳೆಕಂದು ಕಟ್ಟಿದೆ. ಕೊಳವೆಗೆ ಚೆಂಡುಹೂವಿನ ಮಾಲೆ. ಅವನ ಎದೆ ಒಂದು ಕ್ಷಣ ತುಂಬಿಬಂತು. ಕೋಣೆಗೆ ಕಾಲಿಟ್ಟರೆ ಮೇಜಿನ ಮೇಲಿನ ಪಂಜೆ ಮಡಚಿ ಪಕ್ಕಕ್ಕಿಟ್ಟಿದೆ. ಕನ್ನಡಿಯ ಮೈಮೇಲೆ ಅಡ್ಡಡ್ಡ ಮೂರು ಬೆರಳಿನ ವಿಭೂತಿ, ನಟ್ಟನಡುವೆ ಒದ್ದೆ ಕುಂಕುಮ, ಮೇಲೊಂದು ಹೂವು.

ಮನೆಯ ಕನ್ನಡಿಗೆ ಹಿಂದೆ ಪಾದರಸ, ಮುಂದೆ ಗಾಜು. ಈ ಕನ್ನಡಿಗೆ ಹಾಗಲ್ಲ, ಹೊಳಪಿನ ಪೊರೆ ಮೇಲುಗಡೆಯೇ ಇರುತ್ತದೆ, ಬೆರಳು ತಾಗಿದರೂ ಗುರುತು. ಕುಂಕುಮದಲ್ಲಿ ಸುಣ್ಣವಿರುತ್ತದೆ, ಸುಣ್ಣ ಆ ಪೊರೆಯನ್ನು ತಿನ್ನುತ್ತದೆ. ಬೆಳಗಿನಿಂದ ತಿನ್ನುತ್ತಲೇ ಇತ್ತು.

"ಯಾರು ಮುಟ್ಟಿದ್ರಿ ಇದನ್ನ?" ಕೊಟ್ರೇಶ ಕೂಗಿದ ಕೂಗಿಗೆ ಮುಂದಿನ ಪಡಸಾಲೆಯ ಟಿವಿ ಬಂದಾಯಿತು.

ಸೋಮವ್ವ ಸೆರಗಿಗೆ ಕೈ ಒರೆಸುತ್ತ ನಗುಮುಖದಲ್ಲೇ ಬಂದಳು. "ನಾನಪಾ. ವರ್ಷಾ ಎಲ್ಲಾದಕ್ಕೂ ಪೂಜಿ ಆಕ್ಕೈತಿ, ನಿಂದೊಂದು ಹಂಗ ಉಳಿತೈತಿ. ಮುಟ್ಟಿದ್ರ ಬೈತಾನಂತ ಇಷ್ಟು ದಿನಾ ಬಿಟ್ಟಿದ್ದೆ. ಈ ಸರೆ ನೀನ ಕನ್ನಡಿ ತೊಳದು, ಪಂಜಿ ಹೊಚ್ಚಿ, ಮಡೀಲೆ ಇಟ್ಟಿದ್ದಿಯಲ್ಲ, ಪೂಜಿಗೇ ಇಟ್ಟೀದಿ ಅನಕೊಂಡೆ."

ಬೇರೆ ಯಾರಾದರೂ ಈ ಮಾತಿಗೆ ಅಳುತ್ತಿದ್ದರು ಇಲ್ಲವೇ ನಗುತ್ತಿದ್ದರು. ಕೊಟ್ರೇಶನ ಕಣ್ಣಿಗೆ ಮಾತ್ರ ಆ ಮೂರು ಗೆರೆ ಬಿಟ್ಟು ಬೇರೇನೂ ಕಾಣಿಸಲಿಲ್ಲ.

"ಇದು ನಿಮ್ಮ ಮನೀ ಸಾಮಾನಲ್ರಿ! ನಿಮ್ಮ ಮನೀದು ಏನೈತೋ ಅದಕ್ಕ ಪೂಜಿ ಮಾಡ್ಕೋರಿ. ಇನ್ನ ಈ ಹಿತ್ತಲದಾಗ ಕಾಲ ಇಡಬ್ಯಾಡ್ರಿ."

ಸೋಮವ್ವ ಈ ಮನೆಗೆ ಸೊಸೆಯಾಗಿ ಬಂದಾಗ ಕೊಟ್ರೇಶ ಇನ್ನೂ ಚಡ್ಡಿ ಹಾಕುವ ಹುಡುಗ. ತಾಯಿ ಇಲ್ಲದ ಹುಡುಗ. ರೊಟ್ಟಿಗೆ ಬೆಣ್ಣೆ ಹಚ್ಚಿ ಶಾಲೆಗೆ ಕಳಿಸಿದವಳು, ಕಾಮಾಲೆಯಾದಾಗ ಕಾಗಿನೆಲೆಯ ಔಷಧಿಗೆ ಬಸ್ಸು ಹತ್ತಿಸಿಕೊಂಡು ಹೋದವಳು ಅವಳೇ. ಆಕೆಗೆ ಇವನು "ನಿಮ್ಮ ಮನೀ" ಅಂದ.

"ಆತಪಾ," ಎಂದಳು ಸೋಮವ್ವ. ಕೊಳವೆಯ ಮೇಲಿನ ಮಾಲೆಯನ್ನು ತಾನೇ ಬಿಚ್ಚಿಕೊಂಡು ಒಳಗೆ ಹೋದಳು.

ಮರುದಿನ ಬನ್ನಿ. ಸಣ್ಣವರು ದೊಡ್ಡವರ ಕೈಗೆ ಬನ್ನಿ ಎಲೆ ಕೊಟ್ಟು, ಕಾಲಿಗೆ ಬಿದ್ದು, ವರ್ಷದ ಜಗಳ ಮರೆಯುವ ದಿನ. ಕಡುವೈರಿಗಳೂ ಅವತ್ತು ಹಲ್ಲು ಕಿಸಿಯುತ್ತಾರೆ. ಕೊಟ್ರೇಶನಿಗೆ ಇದಕ್ಕಿಂತ ಸುಲಭದ ದಾರಿ ಇರಲಿಲ್ಲ, ಬಾಯಿ ಬಿಡುವ ಕೆಲಸವೂ ಇರಲಿಲ್ಲ. ಆದರೆ ನಮ್ಮ ಮಹರಾಯ ಹಾವೇರಿಯಲ್ಲಿ ಆರ್ಡರಿದೆ ಎಂದು ಹೇಳಿ ಹೋಗಿ, ಅಲ್ಲಿ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂತು, ಬನ್ನಿ ಮುಡಿಯುವ ಗದ್ದಲವೆಲ್ಲ ಮುಗಿದ ಮೇಲೆ ಮನೆಗೆ ಬಂದ. ಕೋಣೆಯಲ್ಲಿ ಊಟದ ತಾಟು ಮುಚ್ಚಿಟ್ಟಿತ್ತು. ಹೋಳಿಗೆಯ ಮೇಲೆ ತುಪ್ಪವೂ ಇತ್ತು.

ಅನ್ನ ನಿಲ್ಲಲಿಲ್ಲ, ಮಾತು ನಿಂತಿತು. ಬಟ್ಟೆ ಒಣಹಾಕುವ ಹಗ್ಗ ಹಿತ್ತಲಿನಿಂದ ಮಾಳಿಗೆಗೆ ಹೋಯಿತು. ಕೊಟ್ರೇಶ ಕನ್ನಡಿಯನ್ನು ನೀರಿನಲ್ಲಿ ನೆನೆಸಿಟ್ಟು, ಹತ್ತಿಯಲ್ಲಿ ಸವರಿ ಸವರಿ ವಿಭೂತಿ ಬಿಡಿಸಿದ. ಕುಂಕುಮವಿದ್ದಲ್ಲಿ ಪೊರೆ ಹೋಗಿ ಗಾಜು ಕಾಣುತ್ತಿತ್ತು, ವಿಭೂತಿ ಇದ್ದಲ್ಲಿ ಮೂರು ಮಬ್ಬು ಗೆರೆ ಉಳಿದವು. ಹೊಸ ಪೊರೆ ಹಾಕಿಸಲು ಪುಣೆಗೆ ಕಳಿಸಿದರೆ ಪಾಡ್ಯ ದಾಟುತ್ತದೆ. ಪುಣೆಯ ಪರಿಚಯದವರಿಗೆ ಫೋನು ಹಚ್ಚಿ ಕೇಳಿದ. ಗೆರೆ ಚಿತ್ರದಲ್ಲೇನೂ ಮೂಡುವುದಿಲ್ಲ, ಬೆಳಕು ತುಸು ಕಮ್ಮಿಯಾಗುತ್ತದೆ, ಇನ್ನಷ್ಟು ಹೊತ್ತು ತೆಗೆದರೆ ಸರಿಹೋಗುತ್ತದೆ ಎಂದರು. ಇಷ್ಟೇ ಆಗಿದ್ದರೆ ಅಷ್ಟು ಕೂಗಾಡುವ ಅಗತ್ಯವೇ ಇರಲಿಲ್ಲ ಎಂದು ಕನ್ನಡಿಯನ್ನು ಮತ್ತೆ ಕೊಳವೆಗೆ ಕೂಡಿಸುವಾಗ ಹೊಳೆಯಿತು. ಹೊಳೆದದ್ದನ್ನು ಹೋಗಿ ಹೇಳುವ ಕಾಲು ಬರಬೇಕಲ್ಲ.

ಆಮೇಲೆ ಮೋಡ ಕವಿಯಿತು. ಹಿಂಗಾರು ಮಳೆ ಹೊತ್ತುಮುಳುಗಿದ ಕೂಡಲೆ ಹನಿಯುತ್ತಿತ್ತು. ದಿನಾ ಸಂಜೆ ಕೊಟ್ರೇಶ ಕೊಳವೆಗೆ ಪ್ಲಾಸ್ಟಿಕ್ ಹೊದಿಸಿ ಕಲ್ಲಿನ ಮೇಲೆ ಕೂಡುವನು. ಸಾರಿಗೆ ಉಪ್ಪು ಮರೆತ ಸುದ್ದಿಯಿಲ್ಲ, ಗುತ್ತಲದ ಮಂಡಿನೋವು ಏನಾಯಿತೋ ಗೊತ್ತಿಲ್ಲ. ಏನು ಕಾಣುತ್ತದೆ ಎಂದು ಕೇಳುವವರು ಯಾರೂ ಇರಲಿಲ್ಲ. ಇಷ್ಟು ವರ್ಷ ತಾನು ಒಂಟಿಯೆಂದು ತಿಳಿದಿದ್ದವನಿಗೆ, ಒಂಟಿಯಾಗುವುದು ಎಂದರೇನೆಂದು ಈಗ ಗೊತ್ತಾಯಿತು.

ಅಮಾವಾಸ್ಯೆಯ ದಿನ ಮಧ್ಯಾಹ್ನವೇ ಮುಗಿಲು ತೊಳೆದಂತಾಯಿತು. ಅವತ್ತು ಸಂಜೆ ಅಂಗಡಿಗಳಲ್ಲಿ ಲಕ್ಷ್ಮೀಪೂಜೆ, ಫೋಟೋಕ್ಕೆ ಕರೆಯೋ ಕರೆ. ಕೊಟ್ರೇಶ ಎಲ್ಲರಿಗೂ ಜ್ವರವೆಂದು ಹೇಳಿ ಸ್ಟುಡಿಯೋದ ಬಾಗಿಲು ಹಾಕಿ ಬಂದ. ನಾಳೆ ಸಂಜೆ ಗೋಡೆಯಾಚೆಯ ದೀಪ ಹತ್ತುತ್ತವೆ. ಇದೊಂದೇ ಸಂಜೆ.

ಕತ್ತಲಾಗುತ್ತಲೇ ಶುರುಮಾಡಿದ. ಪಟಾಕಿಯ ಹೊಗೆ ದಕ್ಷಿಣಕ್ಕೆ, ಪೇಟೆಯ ಕಡೆಗೆ ಉಳಿಯಿತು. ಕೈ ನಡುಗಲಿಲ್ಲ, ಬ್ಯಾಟರಿ ಕೈಕೊಡಲಿಲ್ಲ, ನಕ್ಷತ್ರ ಗುರುತಿನ ಮೇಲೆ ಮೊಳೆ ಹೊಡೆದಂತೆ ನಿಂತಿತು. ಬೇಕಾದದ್ದರಲ್ಲಿ ಅರ್ಧ ಚಿತ್ರಗಳಾದ ಮೇಲೆ ತಡೆಯಲಾರದೆ ಕೋಣೆಗೆ ಓಡಿ ಅಷ್ಟನ್ನೇ ಪೇರಿಸಿ ನೋಡಿದ. ಐದೂ ಬಂದಿದ್ದವು. ಒಂದರ ಮಗ್ಗುಲಿನಿಂದ ಇದೆಯೋ ಇಲ್ಲವೋ ಎನ್ನುವಂಥ ನವಿರು ಛಾಯೆ ಹೊರಟಿತ್ತು. ಹಿಗ್ಗಿನಿಂದ ಅವನಿಗೆ ಕಣ್ಣೀರೇ ಬಂತು. ಇನ್ನು ಇಷ್ಟೇ ತೆಗೆದರೆ ಎಳೆ ಮೂಡಿತೆಂದೇ ಲೆಕ್ಕ.

ಮತ್ತೆ ಹಿತ್ತಲಿಗೆ ಬಂದವನು ಯಾಕೋ ಸುತ್ತ ನೋಡಿದ. ಎಡಗಡೆಯ ಹಿತ್ತಲಿನಲ್ಲಿ ತುಳಸಿಗೆ, ತಿಪ್ಪೆಗೆ ಪಣತಿ. ಬಲಗಡೆಯವರ ದನದ ಕೊಟ್ಟಿಗೆಗೂ ಪಣತಿ. ತಮ್ಮ ಮನೆಯ ಮುಂಭಾಗವೂ ಝಗಝಗ. ಈ ಹಿತ್ತಲೊಂದೇ ಕಗ್ಗತ್ತಲು. ದೀಪಾವಳಿಯ ಅಮಾವಾಸ್ಯೆಗೆ ದೀಪವಿಡದ ಹಿತ್ತಲೆಂದರೆ ಆ ವರ್ಷ ಸಾವಾದ ಮನೆಯದು.

ಪ್ರತಿ ವರ್ಷ ಸೋಮವ್ವ ಇಲ್ಲಿಯೂ ಪಣತಿ ಇಡುತ್ತಿದ್ದಳು. ಬೇಡವೆಂದರೆ, "ವರ್ಷಕ್ಕ ಒಂದಿನ. ನಿನ್ನ ಚಿಕ್ಕಿ ಎಲ್ಲೆರ ಓಡಿ ಹೊಕ್ಕಾವೇನು?" ಎಂದು ನಗುತ್ತಿದ್ದಳು. ಕೊಟ್ರೇಶ ತಾನೂ ನಕ್ಕು, ಅವಳು ಒಳಗೆ ಹೋದ ಕೂಡಲೆ ಎಲ್ಲವನ್ನೂ ಉಫ್ ಎಂದು ಊದಿಬಿಡುತ್ತಿದ್ದ. ಬೆಳಿಗ್ಗೆ ಗಾಳಿಗೆ ಆರಿದವೆಂದು ಹೇಳುವನು. ಪಾಪ, ಅವಳು ನಂಬುವಳು. ಈ ವರ್ಷ ಊದುವ ಕೆಲಸವೇ ಬಿದ್ದಿರಲಿಲ್ಲ. ಅದು ಅವನ ಗಮನಕ್ಕೂ ಬಂದಿರಲಿಲ್ಲ. ತಾನು ಬದುಕಿರುವಾಗಲೇ ಈ ಮನೆ ತನ್ನ ಪಾಲಿನ ದೀಪ ನಿಲ್ಲಿಸಿದೆ, ನಿಲ್ಲಿಸೆಂದು ಹೇಳಿದವನೂ ತಾನೇ.

ಅಡುಗೆಮನೆಯ ಹಿಂಬಾಗಿಲಿಗೆ ಹೋಗಿ ನಿಂತ. ಸೋಮವ್ವ ಒಬ್ಬಳೇ ಕೂತು ನಾಳೆಗೆ ಬತ್ತಿ ಹೊಸೆಯುತ್ತಿದ್ದಳು.

"ವೈನಿ, ಹಿತ್ತಲದಾಗ ಪಣತಿ ಇಟ್ಟಿಲ್ಲಲ್ರಿ."

ಅವಳು ತಲೆ ಎತ್ತಲಿಲ್ಲ. "ನೀನ ಕಾಲ ಇಡಬ್ಯಾಡ ಅಂದಿದ್ದಿ."

ತಪ್ಪಾಯಿತು ಎನ್ನಲು ಇದೇ ಹೊತ್ತಾಗಿತ್ತು. ಜೀವಮಾನವಿಡೀ ಮಂದಿಗೆ ಹತ್ತಿರ ನಿಂದರ್ರಿ ಎಂದು ಹೇಳಿದವನಿಗೆ ತಾನು ಎರಡು ಹೆಜ್ಜೆ ಮುಂದೆ ಬರುವುದು ಗೊತ್ತಿರಲಿಲ್ಲ.

"ಇಡ ಬರ್ರಿ," ಅಂದ.

"ನಿನ್ನ ಫೋಟೋ?"

"ಮುಗೀತ್ರಿ. ಎಲ್ಲಾ ಮುಗೀತು."

ಸೋಮವ್ವ ಆಗ ಮುಖ ಎತ್ತಿ ಅವನನ್ನು ನೋಡಿದಳು. "ಚಲೋ ಬಂತೇನು?"

"ಭಾಳ ಚಲೋ ಬಂತ್ರಿ."

ಅವಳು ಮೊಣಕಾಲು ಹಿಡಿದುಕೊಂಡು ಎದ್ದಳು. ತಾಟಿನಲ್ಲಿ ಪಣತಿ ಜೋಡಿಸಿ, ಎಣ್ಣೆಯ ಗಿಂಡಿ ತೆಗೆದುಕೊಂಡು ಹಿತ್ತಲಿಗೆ ಬಂದಳು. ತುಳಸಿಗೆ ಒಂದು, ಒಗೆಯುವ ಕಲ್ಲಿಗೆ ಒಂದು ಇಟ್ಟು, ಕೊನೆಯದನ್ನು ಹಿಡಿದು ಕಂಬದ ಹತ್ತಿರ ಬಂದು ಹಾಗೇ ನಿಂತಳು.

"ಇಲ್ಲಿ ಇಡ್ಲೋ ಬ್ಯಾಡೋ? ನಾ ಏನ ಮುಟ್ಟಂಗಿಲ್ಲ ಮತ್ತ."

"ಇಡ್ರಿ, ವೈನಿ."

ಕಂಬದ ಬುಡದಲ್ಲಿ ಇಟ್ಟು, ಬತ್ತಿ ಮುಂದಕ್ಕೆ ಸರಿಸಿ, ಗಿಂಡಿಯಲ್ಲಿ ಉಳಿದಿದ್ದ ಎಣ್ಣೆಯನ್ನೆಲ್ಲ ಅದಕ್ಕೇ ಸುರಿದಳು. "ವರ್ಷಾ ಗಾಳಿಗೆ ಆರತಿದ್ವಲ್ಲ. ಈ ಸರೆ ಕಂಬದ ಮರಿಗಿ ಇಟ್ಟೇನಿ. ಎಣ್ಣೀನೂ ಭಾಳ ಹಾಕೇನಿ. ಮುಂಜಾನಿಮಟಾ ಉರಿತೈತಿ, ಚಿಂತಿ ಇಲ್ಲ."

ಒಳಗಿನಿಂದ ಮೊಮ್ಮಕ್ಕಳು ಕೂಗಿದವು. ಸೋಮವ್ವ ಹೋದಳು.

ಆಕಾಶ ಇನ್ನೂ ನಿಚ್ಚಳವಾಗಿತ್ತು. ಐದು ಗ್ಯಾಲಕ್ಸಿಗಳು ಇದ್ದಲ್ಲೇ ಇದ್ದವು. ಪಣತಿಯ ಬೆಳಕು ಕೊಳವೆಯ ಮೈಮೇಲೆಲ್ಲ ಹರಡಿ, ಅದರ ಕಾವು ಕೊಳವೆಯ ಬಾಯಿಯವರೆಗೂ ಏರುತ್ತಿತ್ತು. ಇದು ಉರಿಯುವವರೆಗೆ ಚಿತ್ರವಿಲ್ಲ. ನಾಳೆಯಿಂದ ಆಕಾಶವೇ ಇಲ್ಲ. ಮೂರು ಸಲ ಊದಿದರೆ ಸಾಕು, ವರ್ಷಗಳಿಂದ ಕಾದ ಎಳೆ ಕೈಗೆ ಬರುತ್ತದೆ, ಅವಳಿಗೆ ಗೊತ್ತಾಗುವುದೂ ಇಲ್ಲ. ಇದಕ್ಕಾಗಿ ಅವನು ಏನು ಬಿಟ್ಟನೆಂಬುದೂ ಅವಳಿಗೆ ಎಂದೂ ಗೊತ್ತಾಗುವುದಿಲ್ಲ.

ಕೊಟ್ರೇಶ ಕ್ಯಾಮರಾ ಬಿಚ್ಚಿ ಒಳಗಿಟ್ಟು ಬಂದು ಕಂಬದ ಬುಡದಲ್ಲಿ ಬಗ್ಗಿದ. ಮಳೆ ಹೋದ ಮೇಲಿನ ತಣ್ಣನೆಯ ಗಾಳಿ ಉತ್ತರದಿಂದ ಬೀಸತೊಡಗಿತ್ತು, ಪಣತಿಯ ಕುಡಿ ಒಂದೇ ಸಮ ವಾಲಾಡುತ್ತಿತ್ತು. ಅವನು ಆ ಕಡೆಗೆ ಬೆನ್ನು ಮಾಡಿ, ಎರಡೂ ಅಂಗೈ ಅಡ್ಡ ಹಿಡಿದು, ಅದು ಆರದಂತೆ ಕಾಯುತ್ತ ಕೂತ.